ಗಡುವು ಮುಂದೂಡಿದ ವರ್ಷದ ಬನ್ನಿ

ಅಮೆರಿಕದ ವಾರೆನ್ ಊರಿನ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ದಕ್ಷಿಣ ಅಮೆರಿಕದ ಗೆಳೆಯನಿಗೆ ಊರಿಗೆ ಹೋಗುವ ಆಸೆ. ಅವನ ತಾಯಿಯದು ಒಂದೇ ಮಾತು: "ಗುಡ್ಡದ ಬಂಡುಕೋರ ಪಡೆಗಳು ಬಂದೂಕು ಒಪ್ಪಿಸಲಿ, ಆಮೇಲೆ ಬಾ." ಅವರೊಂದಿಗೆ ಶಾಂತಿ ಒಪ್ಪಂದ ಮಾಡಿಕೊಂಡ ಸರ್ಕಾರವೋ, ಬಂದೂಕು ಒಪ್ಪಿಸಲು ಕೊಟ್ಟ ಗಡುವನ್ನು ಮತ್ತೆ ಮುಂದಕ್ಕೆ ಹಾಕಿತ್ತು.

ದಸರಾಕ್ಕೆ ಅವನನ್ನು ಇಲ್ಲೇ ನೆಲೆಸಿದ ಹುಬ್ಬಳ್ಳಿ ಆಂಟಿಯ ಮನೆಗೆ ಕರೆದೊಯ್ದೆ. ಬನ್ನಿ ಸಿಗದ ಊರಲ್ಲಿ ಆಂಟಿ ರಸ್ತೆಬದಿಯ ಮರದ ಹಳದಿ ಎಲೆಯನ್ನೇ ಹಂಚುತ್ತಿದ್ದರು.

"ಬರೇ ಗಡುವು ಕೊಟ್ರ ಆತೇನು? ಆಯುಧ ಇಡಾಕ ಗಿಡ ತೋರಸ್ಬೇಕು. ನಮ್ಮ ಪಾಂಡವರು ಬನ್ನಿಗಿಡದಾಗ ಇಟ್ಟಿದ್ರು," ಎಂದರು, ಅವನ ಊರಿನ ಸುದ್ದಿ ಕೇಳಿದ ಆಂಟಿ. ನಾನು ಅವರ ಮಾತನ್ನೆಲ್ಲ ಇಂಗ್ಲಿಷಿನಲ್ಲಿ ಅವನಿಗೆ ತಿಳಿಸುತ್ತಾ ಹೋದೆ.

"ಆಮೇಲೆ?" ಎಂದ ಗೆಳೆಯ.

"ವರ್ಷ ತುಂಬಿದ ಮ್ಯಾಲೆ ಇಳಿಸ್ಕೊಂಡು ಯುದ್ಧಕ್ಕ..." ಆಂಟಿ ನಾಲಿಗೆ ಕಚ್ಚಿಕೊಂಡರು.

ಅವನು ಬಿದ್ದು ಬಿದ್ದು ನಕ್ಕ. "ನಮ್ಮಮ್ಮನ ಭಯವೂ ಅದೇ, ಆಂಟಿ!"

"ಹಂಗಾರ ಗಡುವು ಕಾಯಬ್ಯಾಡ. ಅವ್ವನ್ನ ಇಲ್ಲಿಗೇ ಕರಸು!"

ಅವನು ಅಲ್ಲೇ ನಿಂತು ತಾಯಿಗೆ ಫೋನ್ ಮಾಡಿದ.