ಮೊಣಕಾಲು ಮುಟ್ಟಿ ಹೇಳಿದ ಮಾತು

ಚಂದಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದು ಮನೆಯ ಅಂಗಳದ ಬೇವಿನ ಗಿಡದ ಕೆಳಗೆ ನಿಲ್ಲುವ ಹಸಿರು ಜೀಪನ್ನು ಗುಡ್ಡದ ತಾಂಡಾಗಳ ಜನ ಸದ್ದಿನಿಂದಲೇ ಗುರುತು ಹಿಡಿಯುತ್ತಾರೆ. ನಾಲ್ಕೂ ಗಾಲಿ ಎಳೆಯುವ ಗಾಡಿ ಅದು. ಬಸ್ಸು ಹೋಗದ ಕಡೆ ಹೋಗುತ್ತದೆ. ಮೊದಲು ಭಾಗಣ್ಣ ಓಡಿಸುತ್ತಿದ್ದ. ಈಗ ಅವನ ಹೆಂಡತಿ ಚಂದ್ರಕಲಾ ಓಡಿಸುತ್ತಾಳೆ. ನಲವತ್ತನಾಲ್ಕು ವರ್ಷ ವಯಸ್ಸಿನ, ಐನಾಪುರದ ಮಗಳು. ಮದುವೆಗೆ ಮುಂಚೆ ಅಪ್ಪನ ಟ್ರ್ಯಾಕ್ಟರ್ ಹತ್ತಿ ಹೊಲ ಹರಗಿದವಳು. ಹೀಗಾಗಿ ಸ್ಟೇರಿಂಗ್ ಅವಳ ಕೈಗೆ ಹೊಸದೇನಲ್ಲ.

ಮೂರು ವರ್ಷದ ಹಿಂದೆ ಒಂದು ಮುಂಜಾನೆ, ಹಲ್ಲುಜ್ಜುತ್ತ ಅಂಗಳದಲ್ಲಿ ನಿಂತಿದ್ದ ಭಾಗಣ್ಣನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸೋತವು, ಮಾತು ಹೋಯಿತು. ನಾಲ್ಕು ತಿಂಗಳು ಜೀಪಿನ ಮೇಲೆ ಬೇವಿನ ಎಲೆ ಉದುರುತ್ತಲೇ ಇತ್ತು. ಐದನೆಯ ತಿಂಗಳು ಚಂದ್ರಕಲಾ ಎಲೆ ಕೊಡವಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಡ್ಡದ ದಾರಿ ಹಿಡಿದಳು. ಮಾಸ್ತರರು, ಸಂತೆಗೆ ಹೋಗುವವರು, ಲಸಿಕೆಯ ಪೆಟ್ಟಿಗೆ ಹಿಡಿದ ನರ್ಸ್ ಪೂನಮ್, ಎಲ್ಲರೂ ಒಂದೆರಡು ದಿನ ಬೆರಗಿನಿಂದ ನೋಡಿದರು. ಆಮೇಲೆ ಸುಮ್ಮನೆ ಹತ್ತಿ ಕೂತರು.

ಓಡಿಸುವುದು ಬಂತು. ಗಾಡಿಯ ಹೊಟ್ಟೆಯೊಳಗಿನದು ಮಾತ್ರ ಗೊತ್ತಿರಲಿಲ್ಲ. ಗೇರ್ ಆಯಿಲ್ ಬದಲಿಸುವ ಕಾಲ ಬಂದಾಗ, ಇದರಲ್ಲೇನಿದೆ, ಹಳೆಯದು ಚೆಲ್ಲಿ ಹೊಸದು ಹಾಕಿದರಾಯಿತು ಎಂದುಕೊಂಡು ನಟ್ಟು ತಿರುಗಿಸುವ ಗಂಡನ ಪಾನಾ ತೆಗೆದುಕೊಂಡು ಜೀಪಿನ ಅಡಿಗೆ ಸರಿದಳು. ಭಾಗಣ್ಣ ಕಟ್ಟೆಯ ಮೇಲೆ ಮಂಚದಲ್ಲಿ ಕೂತಿದ್ದ. ಅವಳು ಗೇರ್‌ಬಾಕ್ಸಿನ ಅಡಿಯ ನಟ್ಟಿಗೆ ಪಾನಾ ಕೊಟ್ಟಳೋ ಇಲ್ಲವೋ, ಅವನು ಎಡಗೈಯಲ್ಲಿ ಹಿತ್ತಾಳೆಯ ಲೋಟ ಹಿಡಿದು ಮಂಚದ ಪಟ್ಟಿಗೆ ಟಣ್ ಟಣ್ ಎಂದು ಬಡಿಯತೊಡಗಿದ.

"ನೀರ ಬೇಕೇನ್ರಿ? ಬಂದೆ, ತಡೀರಿ."

ಅವಳು ನೀರು ತಂದುಕೊಟ್ಟಳು. ಅವನು ಲೋಟ ದೂಡಿದ, ಗಡ್ಡ ಮೇಲೆತ್ತಿ ಮತ್ತೆ ಮತ್ತೆ ಆಕಾಶದ ಕಡೆ ಗೋಣು ಹಾಕಿದ.

"ಬಿಸಲಿಲ್ರಿ, ಮಾಡ ಮುಸುಕ್ಯಾದ," ಎಂದು ಸಮಾಧಾನ ಹೇಳಿ ಅವಳು ಮತ್ತೆ ಜೀಪಿನ ಅಡಿಗೆ ಹೋದಳು.

ಕಪ್ಪು ಎಣ್ಣೆಯೆಲ್ಲ ಬಟ್ಟಲಿಗೆ ಇಳಿಯಿತು. ಅಡಿಯ ನಟ್ಟು ಬಿಗಿದು, ಹೊಸ ಎಣ್ಣೆ ಹಾಕಲು ಪಕ್ಕದ ಮೇಲಿನ ನಟ್ಟು ಬಿಚ್ಚಹೋದರೆ ಅದು ಮಿಸುಕಲಿಲ್ಲ. ಎಷ್ಟು ವರ್ಷದ ತುಕ್ಕೋ! ಜೋರು ಮಾಡಿದಷ್ಟೂ ಅದರ ಮೂಲೆಗಳು ಸವೆದು ದುಂಡಗಾದವು. ಹಳೆಯದು ಹೋಗಿತ್ತು, ಹೊಸದು ಹೋಗಲು ದಾರಿಯಿಲ್ಲ. ಗಾಡಿ ಒಣ ಹೊಟ್ಟೆಯಲ್ಲಿ ಮೂರು ದಿನ ನಿಂತಿತು. ಗ್ಯಾರೇಜಿನ ಶೌಕತ ಅಲಿ ಮಗಳ ನಿಕಾಹ್ ಎಂದು ಶಹಾಬಾದಿಗೆ ಹೋಗಿದ್ದ.

ಬಂದವನೇ ಅವನು ನಟ್ಟಿಗೆ ಬೆಂಕಿ ಹಿಡಿದು, ಕಾಯಿಸಿ, ಅಂತೂ ಬಿಚ್ಚಿದ. ಬೆವರು ಒರೆಸಿಕೊಂಡು ಹೇಳಿದ:

"ವೈನಿ, ಯಾವಾಗಲೂ ಮೊದಲ ಮ್ಯಾಲಿನ ನಟ್ಟ ಬಿಚ್ಚಬೇಕ್ರಿ. ಅದು ಬಿಚ್ತದಂತ ಖಾತ್ರಿ ಆದ ಮ್ಯಾಲೇ ತೆಳಗಿಂದು. ಭಾಗಣ್ಣಗ ಇದು ಗೊತ್ತದ. ಹೇಳಲಿಲ್ಲೇನು?"

ಚಂದ್ರಕಲಾ ಕಟ್ಟೆಯ ಕಡೆ ನೋಡಿದಳು. ಭಾಗಣ್ಣ ಅವಳನ್ನೇ ನೋಡುತ್ತಿದ್ದ. ಅವನ ಗಡ್ಡ ನಿಧಾನವಾಗಿ ಮತ್ತೊಮ್ಮೆ ಮೇಲಕ್ಕೆದ್ದಿತು.

"ಹೇಳಿದ್ರು," ಎಂದಳು ಅವಳು. "ನನಗ ತಿಳೀಲಿಲ್ಲ."

ಶೌಕತ ಅಲಿ ಹೋದ ಮೇಲೆ ಅವಳು ಮಂಚದ ಹತ್ತಿರ ಬಹಳ ಹೊತ್ತು ಕೂತಳು. ಇಷ್ಟು ತಿಂಗಳು ಅವನು ಏನೇನು ಹೇಳಿರಬಹುದು, ತಾನು ಎಷ್ಟು ಸಲ ನೀರು ತಂದುಕೊಟ್ಟಿರಬಹುದು ಎಂದು ನೆನೆದಳು. ಕೊನೆಗೆ ಕಣ್ಣೊರೆಸಿಕೊಂಡು, "ಗಾಡಿದು ನನಗ ಕಲಿಸ್ರಿ. ಹೆಂಗರ ಮಾಡಿ ಕಲಿಸ್ರಿ," ಎಂದಳು.

ಭಾಗಣ್ಣ ಯೋಚಿಸಿದ. ಆಮೇಲೆ ಎಡಗೈಯನ್ನು ಎದೆಯ ಮೇಲಿಟ್ಟು ಗೇರ್‌ಬಾಕ್ಸಿನ ಕಡೆ ನೋಡಿದ. ಕೈ ಹೊಟ್ಟೆಗೆ ಇಳಿಸಿದ. ಅದು ಗೇರ್‌ಬಾಕ್ಸಿನ ಹಿಂದೆ ಕೂತು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಜೋರು ಹಂಚುವ ಡಬ್ಬಿ. ಮೊಣಕಾಲು ಮುಟ್ಟಿದ, ಮುಂದಿನ ಗಾಲಿಗಳ ನಡುವಿನ ಹೌಸಿಂಗ್, ಗಾಲಿ ತಿರುಗಿಸುವ ಹಲ್ಲುಚಕ್ರಗಳು ಎಣ್ಣೆಯಲ್ಲಿ ಮುಳುಗಿರುವ ಕಬ್ಬಿಣದ ಗುಂಡು ಡಬ್ಬಿ. ಬಗ್ಗಿ ಹಿಮ್ಮಡಿ ಮುಟ್ಟಿದ, ಹಿಂದಿನ ಹೌಸಿಂಗ್. ನಾಲ್ಕು ಕಡೆ ಎಣ್ಣೆ, ನಾಲ್ಕು ಗುರುತು. ಅಂದಿನಿಂದ ಗಂಡಹೆಂಡಿರ ನಡುವೆ ಹೊಸ ಮಾತುಕತೆ ಶುರುವಾಯಿತು. ಮೊದಲು ಗಾಡಿಯದ್ದಷ್ಟೇ ಇತ್ತು. ಬರಬರುತ್ತ ಅದರಲ್ಲಿ ಸಾರಿನ ಉಪ್ಪು, ಓಣಿಯ ಸುದ್ದಿ, ಸಿಟ್ಟು, ಚೇಷ್ಟೆ ಎಲ್ಲ ಸೇರಿಕೊಂಡವು.

ಈ ಶ್ರಾವಣದಲ್ಲಿ ಮಳೆ ಹಿಡಿಯಿತು. ತಾಂಡಾದ ದಾರಿಯಲ್ಲಿ ಹೊಸ ಸೇತುವೆಯ ಕೆಲಸ ನಡೆದಿತ್ತು, ಹಳ್ಳದೊಳಗೇ ಇಳಿದು ದಾಟಬೇಕು. ಎಂಟು ದಿನ ಚಂದ್ರಕಲಾ ಪೂನಮ್‌ಳನ್ನೂ ಅವಳ ಪೆಟ್ಟಿಗೆಯನ್ನೂ ಕೂರಿಸಿಕೊಂಡು ದಿನಾ ಎರಡು ಸಲ ಆ ಕೆಂಪು ನೀರಿಗೆ ಇಳಿದಳು. ನಾಲ್ಕು ಗಾಲಿಯ ಲಿವರ್ ಎಳೆದರೆ ಜೀಪು ಎಮ್ಮೆಯಂತೆ ನೀರಿಗಿಳಿದು, ಆಚೆ ದಡದಲ್ಲಿ ಮೈ ಕೊಡವಿ ಏಳುತ್ತಿತ್ತು.

"ಅಕ್ಕಾ, ಅಂಜಿಕಿ ಆಗಂಗಿಲ್ಲೇನ್ರಿ ನಿಮಗ?" ಎಂದು ಪೂನಮ್ ಕೇಳಿದರೆ, "ಆಗ್ತದ. ದಾಟಿದ ಮ್ಯಾಲ ಆಗ್ತದ," ಎನ್ನುತ್ತಿದ್ದಳು.

ಎಂಟನೆಯ ದಿನ ಮಧ್ಯಾಹ್ನ ಅವಳು ಜೀಪನ್ನು ಬೇವಿನ ಗಿಡದ ಕೆಳಗೆ ತರುತ್ತಿದ್ದಂತೆ ಭಾಗಣ್ಣ ಮಂಚದಲ್ಲಿ ನೆಟ್ಟಗೆ ಕೂತ. ಮೊಣಕಾಲು ಮುಟ್ಟಿದ.

"ನಾಳಿ ಸಂಜಿಗಿ ನೋಡ್ತೀನ್ರಿ. ಮುಂಜಾನಿ ಕಾಳಗಿಗಿ ಮಂದೀನ ಒಯ್ಯೋದದ."

ಅವನು ಮೊಣಕಾಲನ್ನು ಮತ್ತೆ ತಟ್ಟಿದ. ಮೂರು ಸಲ, ನಾಲ್ಕು ಸಲ. ಮುಂದಿನ ಹೌಸಿಂಗಿನಿಂದ ಅವಳ ಕಿವಿಗೆ ಬೇರೆ ಸದ್ದೇನೂ ಬಿದ್ದಿರಲಿಲ್ಲ. ಆದರೆ ಒಂದು ಸಲ ಅವನ ಮಾತು ತಿಳಿಯದೆ ಮೂರು ದಿನ ಕೂತವಳು ಈ ಸಲ ಪಾನಾ ತೆಗೆದುಕೊಂಡಳು.

ಗಾಡಿ ಇನ್ನೂ ಬೆಚ್ಚಗಿತ್ತು. ಎಣ್ಣೆ ಸಲೀಸಾಗಿ ಇಳಿಯಲು ಅದೇ ಸರಿಯಾದ ಹೊತ್ತು. ಅಂಗಳಕ್ಕೆ ಹಾಸಿದ ಶಹಾಬಾದಿ ಫರಶಿ ಕಲ್ಲು ಬೆನ್ನಿಗೆ ತಣ್ಣಗೆ ಹತ್ತಿತು. ಮೇಲಿನ ನಟ್ಟು ಮೊದಲು ಬಿಚ್ಚಿದಳು. ಆಮೇಲೆ ಕೆಳಗಿನದು. ಹೊರಬಿದ್ದ ಎಣ್ಣೆ ಜೇನಿನ ಬಣ್ಣದ್ದೂ ಆಗಿರಲಿಲ್ಲ, ಕಪ್ಪೂ ಆಗಿರಲಿಲ್ಲ. ಹಾಲು ಹೆಚ್ಚಾದ ಚಹಾದಂತಿತ್ತು. ಹೌಸಿಂಗಿಗೆ ಗಾಳಿಯಾಡಲು ಇರುವ ಸಣ್ಣ ಕೊಳವೆ ಕಳಚಿಬಿದ್ದು, ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದಾಗಲೆಲ್ಲ ಹಳ್ಳವನ್ನು ಒಳಗೆ ಹೀರಿಕೊಂಡಿತ್ತು. ಇನ್ನೆರಡು ದಿನ ಓಡಿಸಿದ್ದರೆ ಒಳಗಿನ ಹಲ್ಲುಗಳು ತಿಂದುಹೋಗಿ, ಜೀಪು ನಡುಹಳ್ಳದಲ್ಲಿ ಕೂರುತ್ತಿತ್ತು.

"ನೀರ ಹೊಕ್ಕಾದ್ರೀ!" ಎಂದು ಕೂಗಿದಳು. ಮೇಲೆ ಮಂಚದ ಪಟ್ಟಿ ಒಮ್ಮೆ ಟಣ್ ಎಂದಿತು.

ಎಣ್ಣೆ ಬಟ್ಟಲಿಗೆ ದಾರದಂತೆ ಇಳಿಯುತ್ತಿತ್ತು. ಅದರ ಕೆಳಗೆ ಮಲಗಿದವಳಿಗೆ ಜೊಂಪು ಹತ್ತಿತು. ಗಾಲಿಗಳ ನಡುವಿನಿಂದ ಕಾಣುವಷ್ಟೇ ಲೋಕ: ಬಿಸಿಲಿನ ಒಂದು ತುಂಡು, ಕೋಳಿಯ ಕಾಲು, ನೆಲಕ್ಕೆ ಮುಟ್ಟದ ಗಂಡನ ಪಾದ. ಅರೆ ನಿದ್ದೆಯಲ್ಲಿ ಹಳ್ಳದ ನೀರು ಅವಳ ಕಿವಿಯೊಳಗೆ ಹರಿಯಿತು. ತೊಗರಿಯ ಹೊಲಗಳ ಮೇಲೆ ಜೀಪು ಸದ್ದಿಲ್ಲದೆ ಹೋಗುತ್ತಿತ್ತು. ಭಾಗಣ್ಣ ಪಕ್ಕದಲ್ಲಿ ಕೂತು ಏನೋ ಹೇಳುತ್ತಿದ್ದ, ಹಳೆಯ ದನಿಯಲ್ಲಿ, ಶಬ್ದ ಸ್ಪಷ್ಟವಿಲ್ಲ. ಕಣ್ಣು ತೆರೆದಾಗ ದಾರ ಮುಗಿದು ಹನಿಯಾಗಿತ್ತು.

ಒಂದಿಷ್ಟು ಹೊಸ ಎಣ್ಣೆ ಹಾಕಿ, ಓಣಿಯಲ್ಲಿ ಒಂದು ಸುತ್ತು ಹೊಡೆದು, ತೊಳೆದ ನೀರಿನಂತೆ ಅದನ್ನೂ ಚೆಲ್ಲಿದಳು. ಕೊಳವೆ ಸಿಕ್ಕಿಸಿ ಬಿಗಿದಳು. ಮೇಲಿನ ತೂತಿನಿಂದ ಹೊರಗೆ ಒಸರುವವರೆಗೆ ಮತ್ತೆ ತುಂಬಿದಳು. ಉಳಿದ ಮೂರು ಕಡೆಯದನ್ನೂ ನೋಡಿ ಬದಲಿಸುವಷ್ಟರಲ್ಲಿ ಮೂರು ಗಂಟೆ ಆಗಿತ್ತು. ನೋಡಲು ಬಂದ ಶೌಕತ ಅಲಿ ಬಟ್ಟಲಿನ ಚಹಾಬಣ್ಣ ಕಂಡು ಮಂಚದ ಕಡೆ ತಿರುಗಿ ಹಣೆಗೆ ಕೈ ಮುಟ್ಟಿಸಿ ಸಲಾಮು ಮಾಡಿದ.

"ಕ್ಯಾ ಕಾನ್ ಹೈ ಭಾಯಿ! ಏನ ಕಿವಿ ಅದಾವ ನಿನ್ನವು! ನನ್ನ ಗ್ಯಾರೇಜಿಗಿ ಬಂದು ಕುಂದ್ರು, ಅಷ್ಟ ಸಾಕು."

ಭಾಗಣ್ಣ ನಕ್ಕ. ಬಾಯಿಯ ಎಡಗಡೆ ಮಾತ್ರ ನಗುತ್ತಿತ್ತು. ಆಮೇಲೆ ಜೀಪು ತೋರಿಸಿ ತನ್ನನ್ನು ತೋರಿಸಿಕೊಂಡ.

"ಬರ್ತೀರೇನು?" ಎಂದಳು ಚಂದ್ರಕಲಾ. ಮೂರು ವರ್ಷದಲ್ಲಿ ಅವನು ಆಸ್ಪತ್ರೆಗಲ್ಲದೆ ಎಲ್ಲಿಗೂ ಹೋಗಿರಲಿಲ್ಲ.

ಇಬ್ಬರೂ ಸೇರಿ ಅವನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು, ಬೀಳದಂತೆ ಹೆಗಲಿಗೆ ಟವೆಲ್ ಸುತ್ತಿ ಸೀಟಿಗೆ ಕಟ್ಟಿದರು. ಎಣ್ಣೆ ಪರೀಕ್ಷೆಗೆಂದು ಹೊರಟದ್ದು, ಊರ ಹೊರಗಿನ ಪೆಟ್ರೋಲ್ ಬಂಕಿನವರೆಗೆ. ಅವನು ಎಡ ಅಂಗೈಯನ್ನು ಮುಂದಿನ ಹಲಗೆಯ ಮೇಲಿಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದ. ಎದೆ ಮುಟ್ಟಲಿಲ್ಲ, ಮೊಣಕಾಲು ಮುಟ್ಟಲಿಲ್ಲ. ಬಂಕು ಬರುವಷ್ಟರಲ್ಲಿ ಅವನ ತಲೆ ಬಾಗಿಲಿಗೆ ಒರಗಿತ್ತು. ನಿದ್ದೆ ಹೋಗಿದ್ದ.

ಗಾಡಿ ತಿರುಗಿಸಿದರೆ ಎಚ್ಚರಾದಾನು. ಚಂದ್ರಕಲಾ ತಿರುಗಿಸಲಿಲ್ಲ. ತಗ್ಗು ತಪ್ಪಿಸುತ್ತ ಮುಂದೆ ಮುಂದೆ ಹೋದಳು. ತೊಗರಿಯ ಹಸಿರು, ಉದ್ದು ಕೀಳುವ ಹೆಂಗಸರು, ಬಂಡೆಯ ಮೇಲೆ ನಿಂತ ಆಡುಗಳು ಒಂದೊಂದಾಗಿ ಹಿಂದಕ್ಕೆ ಹೋದವು. ಜೀಪು ಬೆಣ್ಣೆಯಲ್ಲಿ ಹೋದಂತೆ ಹೋಗುತ್ತಿತ್ತು. ದೂರದಲ್ಲಿ ಸಿಮೆಂಟ್ ಫ್ಯಾಕ್ಟರಿಯ ಚಿಮಣಿಗಳು ಬಿಳಿಯ ಮಬ್ಬಿನಲ್ಲಿ ನೀರಿನ ಮೇಲೆ ತೇಲಿದಂತೆ ಕಂಡವು.

ಭಾಗಣ್ಣ ಕಣ್ಣು ತೆರೆದ. ಸುತ್ತ ನೋಡಿ, ಹುಬ್ಬೇರಿಸಿ ಹೆಂಡತಿಯ ಕಡೆ ತಿರುಗಿದ.

"ಸೇಡಂ ಬಂತ್ರಿ," ಎಂದಳು ಅವಳು. "ಬಂದೀವಿ ಅಂದ ಮ್ಯಾಲ ಮಿರ್ಚಿ ಭಜಿ ತಿಂದೇ ಹೋಗಣ?"