ಅಪ್ಪನ ಟ್ರೇಡ್ ಟೆಸ್ಟ್

ನಾನು ಚಿಕ್ಕವನಿದ್ದಾಗ ಅಪ್ಪ ಎಂದರೆ ಎರಡು ವರ್ಷಕ್ಕೊಮ್ಮೆ ಮನೆಗೆ ಬರುವ ಮನುಷ್ಯ. ಹೊಸ ಶತಮಾನ ಶುರುವಾಗಿ ಆಗಿನ್ನೂ ಏಳೆಂಟು ವರ್ಷವಾಗಿತ್ತು. ಡೊಂಬಿವಲಿಯ ಒಂದು ಚಿಕ್ಕ ಮನೆಯಲ್ಲಿ ಅವ್ವ, ಅಕ್ಕ ಮತ್ತು ನಾನು ಇದ್ದೆವು. ವಿಜಯಪುರದ ಕಡೆಯಿಂದ ಬಂದ ಅಪ್ಪ ವೆಲ್ಡರ್ ಆಗಿದ್ದ. ದೊಡ್ಡ ಪೈಪುಗಳನ್ನು ಒಂದಕ್ಕೊಂದು ಬೆಸೆಯುವ ಕೆಲಸ. ಆ ಕೆಲಸ ಅವನನ್ನು ಒಮಾನಿಗೆ, ಲಿಬಿಯಾಕ್ಕೆ, ಕಜಕಸ್ತಾನಕ್ಕೆ ಕರೆದೊಯ್ದಿತ್ತು.

ಬೇರೆ ಮಕ್ಕಳ ಅಪ್ಪಂದಿರು ಹೊರದೇಶದ ಕಟ್ಟಡ, ಕಾರುಗಳ ಕತೆ ಹೇಳಿದರೆ ನಮ್ಮಪ್ಪ ಕಬ್ಬಿಣದ ಕತೆ ಹೇಳುತ್ತಿದ್ದ. ಒಮಾನಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಪೈಪು ಮುಟ್ಟಿದರೆ ಕೈಗೆ ಬೊಬ್ಬೆ ಬರುತ್ತಿತ್ತಂತೆ. ಲಿಬಿಯಾದಲ್ಲಿ ಗಾಳಿ ಮರಳು ತಂದು ಬೆಸುಗೆಯೊಳಗೆ ಸುರಿಯುತ್ತಿತ್ತಂತೆ. ಕಜಕಸ್ತಾನದಲ್ಲಿ ಕಬ್ಬಿಣಕ್ಕೇ ಚಳಿ. ಮೊದಲು ಅದನ್ನು ಬೆಚ್ಚಗೆ ಮಾಡಿ ಆಮೇಲೆ ಕೆಲಸ ಶುರು ಮಾಡಬೇಕಂತೆ. ಅಲ್ಲಿ ಒಬ್ಬ ಟರ್ಕಿಯವನ ಜೊತೆ ಅಪ್ಪ ಎರಡು ವರ್ಷ ಒಂದೇ ಪೈಪಿನ ಆಚೆ ಈಚೆ ಕೂತು ದುಡಿದಿದ್ದ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಹಾಗಾದರೆ ಹೇಗೆ ಮಾತಾಡುತ್ತಿದ್ದಿರಿ ಎಂದು ಅಕ್ಕ ಕೇಳಿದಳು.

“ಅವನ ಬೆಸುಗಿ ನೋಡಿದ್ರ ಸಾಕು, ಅವ ಇವತ್ತ ಸಿಟ್ಟಿನ್ಯಾಗ ಅದಾನೋ ಖುಷ್ಯಾಗ ಅದಾನೋ ತಿಳೀತಿತ್ತು” ಎಂದ ಅಪ್ಪ.

ಅಕ್ಕ ನಕ್ಕಳು. ನನಗೆ ಮಾತ್ರ ಹೊಟ್ಟೆಕಿಚ್ಚು. ಆ ಪೈಪುಗಳಿಗೆ ಸಿಕ್ಕಷ್ಟು ಅಪ್ಪ ನನಗೆ ಸಿಕ್ಕಿರಲಿಲ್ಲ.

ಆ ಸಲ ಅಪ್ಪ ಬಂದು ಎರಡು ತಿಂಗಳಾಗಿತ್ತು, ನಾವಿಬ್ಬರೂ ಒಳ್ಳೆ ದೋಸ್ತರಾಗಿದ್ದೆವು. ಬೆಳಿಗ್ಗೆ ಹಾಲು ತರಲು ಜೊತೆಯಾಗಿ ಹೋಗುವುದು, ಸಂಜೆ ಸ್ಟೇಷನ್ ಹತ್ತಿರ ಒಂದು ವಡಾಪಾವ್ ಮುರಿದು ಇಬ್ಬರೂ ತಿನ್ನುವುದು. ಅಷ್ಟರಲ್ಲಿ ಏಜೆಂಟನ ಫೋನು ಬಂತು. ಕತಾರಿಗೆ ವೆಲ್ಡರುಗಳು ಬೇಕಾಗಿದ್ದರು, ತುರ್ಭೆಯಲ್ಲಿ ಟ್ರೇಡ್ ಟೆಸ್ಟ್ ಇತ್ತು. ಹೊರದೇಶಕ್ಕೆ ದುಡಿಯಲು ಹೋಗುವವರು, ಎಷ್ಟೇ ಅನುಭವವಿದ್ದರೂ, ಕಂಪನಿಯ ಸಾಹೇಬರ ಕಣ್ಣೆದುರು ಕೆಲಸ ಮಾಡಿ ತೋರಿಸಬೇಕಿತ್ತು. ಪಾಸಾದರೆ ವೀಸಾ, ಇಲ್ಲವಾದರೆ ವಾಪಸು ಮನೆಗೆ. ಇದನ್ನು ಕೇಳಿದ ದಿನದಿಂದ ಅಪ್ಪ ಫೇಲಾಗಲಿ ಎಂದು ನಾನು ಕಂಡಕಂಡ ದೇವರಿಗೆಲ್ಲ ಕೈ ಮುಗಿದೆ.

ಟೆಸ್ಟಿನ ದಿನ ನನಗೆ ಶಾಲೆ ಇರಲಿಲ್ಲ, ಅವ್ವ ಮಸಾಲೆ ಕಾರ್ಖಾನೆಗೆ ಹೋಗಬೇಕಿತ್ತು. ಹಾಗಾಗಿ ಅಪ್ಪ ನನ್ನನ್ನೂ ಕರೆದುಕೊಂಡು ಹೊರಟ. ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿದೆವು. ಐರೋಲಿ ಬರುವಾಗ ಮಳೆ ಹನಿಯ ಜೊತೆ ಸಮುದ್ರದ ಹಿನ್ನೀರಾದ ಖಾಡಿಯ ಕೆಸರಿನ ವಾಸನೆ ಬಾಗಿಲಿನಿಂದ ಒಳಗೆ ನುಗ್ಗಿತು. ತುರ್ಭೆಯಲ್ಲಿ ಅದೊಂದು ತಗಡಿನ ಶೆಡ್ಡು. ಒಳಗೆ ಸುಟ್ಟ ಕಬ್ಬಿಣದ ಘಾಟು, ಕಣ್ಣು ಕುಕ್ಕುವ ನೀಲಿ ಬೆಳಕು. ಹತ್ತಿಪ್ಪತ್ತು ಜನ ತಲೆಗೊಂದು ಪೈಪಿನ ತುಂಡು ಹಿಡಿದು ಸರದಿಯಲ್ಲಿ ನಿಂತಿದ್ದರು.

ವೆಲ್ಡಿಂಗ್ ಮಾಡುವ ಕಡ್ಡಿಗೆ ರಾಡು ಎನ್ನುತ್ತಾರೆ. ಒಣಗಿಸಿಡುವ ಬಿಸಿ ಪೆಟ್ಟಿಗೆಯಿಂದ ತೆಗೆದ ಮೇಲೆ ಅದಕ್ಕೆ ತೇವ ತಾಗಿದರೆ ಬೆಸುಗೆಯ ತುಂಬ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ. ಇದನ್ನು ನನಗೆ ಹೇಳಿಕೊಟ್ಟಿದ್ದವನು ಅಪ್ಪನೇ. ಅವನು ಪೈಪಿನ ಅಂಚು ಉಜ್ಜಬೇಕಿತ್ತು, ಎರಡೂ ಕೈ ಬೇಕು. ಪೇಪರಿನಲ್ಲಿ ಸುತ್ತಿದ ಬಿಸಿ ರಾಡುಗಳನ್ನು ನನ್ನ ಕೈಯಲ್ಲಿಟ್ಟ.

“ಹುಷಾರ್ ತಮ್ಮಾ, ಹಸಿ ತಾಗಬಾರ್ದು” ಎಂದ.

ಶೆಡ್ಡಿನ ಸೂರಿನಿಂದ ನೀರು ಸುರಿಯುತ್ತಿತ್ತು. ನಾನು ಪೇಪರು ಬಿಚ್ಚಿ ರಾಡುಗಳನ್ನು ಅದಕ್ಕೆ ಒಡ್ಡಿದೆ. ಆಮೇಲೆ ಅಂಗಿಯಿಂದ ಒರೆಸಿ, ಮೊದಲಿನಂತೆಯೇ ಸುತ್ತಿ ಒಪ್ಪಿಸಿದೆ.

ಅಪ್ಪ ಕಪ್ಪು ಗಾಜಿನ ಮುಖವಾಡ ಹಾಕಿಕೊಂಡು ಕೆಲಸ ಶುರು ಮಾಡಿದ. ಅವನ ವೆಲ್ಡಿಂಗಿನ ಸದ್ದು ಯಾವಾಗಲೂ ಒಂದೇ ಸಮ. ಆವತ್ತು ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯಿತು. ಅವನು ಕೂಡಲೇ ನಿಲ್ಲಿಸಿದ. ಮುಖವಾಡ ಎತ್ತಿ ರಾಡನ್ನು ನೋಡಿದ, ಆಮೇಲೆ ನನ್ನ ಒದ್ದೆ ಅಂಗಿಯನ್ನು ನೋಡಿದ. ಸಾಹೇಬ ಬಂದು ಬೆಸುಗೆಯಲ್ಲಿದ್ದ ತೂತುಗಳನ್ನು ಕಂಡು ಆಗದು ಎಂದು ತಲೆಯಾಡಿಸಿದ. ಹಿಂದೆ ನಿಂತವರು ಗುಸುಗುಸು ಎಂದರು.

“ಗಲತಿ ಮೇರಿ ಹೈ ಸಾಬ್” ಎಂದ ಅಪ್ಪ. “ರಾಡ್ ಸಂಭಾಲ್‌ನಾ ಮೇರಾ ಕಾಮ್ ಥಾ.” ತಪ್ಪು ತನ್ನದೇ, ರಾಡು ಕಾಯುವುದು ತನ್ನ ಕೆಲಸವಾಗಿತ್ತು ಎಂದು ಹೊಣೆ ಹೊತ್ತುಕೊಂಡ.

ಅಪ್ಪ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೇಡಿದ್ದು ಸಿಕ್ಕಿತ್ತು, ಆದರೆ ಎಲ್ಲಾದರೂ ಓಡಿಹೋಗೋಣ ಅನ್ನಿಸಿತು. ಸಾಹೇಬ ಅಪ್ಪನ ಹಳೆಯ ಸರ್ಟಿಫಿಕೇಟುಗಳನ್ನು ತಿರುವಿ ಹಾಕಿ, ಊಟದ ನಂತರ ಇನ್ನೊಂದು ತುಂಡು ಕೊಡುತ್ತೇನೆ, ಅದೇ ಕೊನೆಯದು ಎಂದ.

ಹೊರಗಿನ ಚಾವಣಿಯ ಕೆಳಗೆ ಕೂತು ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ. ನಾನು ರೊಟ್ಟಿಯನ್ನು ಚೂರು ಮಾಡುತ್ತ ಕೂತೆ.

“ನಾ ಹೋಗಬಾರ್ದು ಅಂತ ಮಾಡಿದ್ಯಾ?” ಎಂದು ಅಪ್ಪ ಕೇಳಿದ. ನಾನು ಹೂಂ ಎಂದೆ. ಅವನು ಬೈಯಲಿಲ್ಲ. ಒಂದು ರೊಟ್ಟಿ ಪೂರ್ತಿ ತಿಂದು ಮುಗಿಸಿದ ಮೇಲೆ ಹೇಳಿದ:

“ನನಗೂ ಹೋಗಾಕ ಮನಸಿಲ್ಲೋ ತಮ್ಮಾ. ಮುಂದೊಂದಿನ ಸಾಕು ಅಂತ ನಾನ ಹೇಳಿ ಮನ್ಯಾಗ ಕುಂಡ್ರತೀನಿ. ಆದ್ರ ಇವಗ ಕೆಲಸ ಬರಂಗಿಲ್ಲ ಅಂತ ಅನಿಸ್ಕೊಂಡು ಕುಂಡ್ರಾಕ ನನ್ನ ಕೈಲಿ ಆಗಂಗಿಲ್ಲ.”

ಊಟವಾದ ಮೇಲೆ ಹೊಸ ರಾಡುಗಳು ಬಂದವು. ಈ ಸಲ ಬೇರೆ ಯಾರಿಗಾದರೂ ಕೊಡುತ್ತಾನೆ ಅಂದುಕೊಂಡಿದ್ದೆ. ಅಪ್ಪ ಮತ್ತೆ ನನ್ನ ಕೈಗೇ ಕೊಟ್ಟ. ಆಮೇಲೆ ಪೈಪು ಉಜ್ಜಲು ಕೂತ. ಮಳೆ ಜೋರಾಗಿತ್ತು, ಗಾಳಿಗೆ ಎರಚಲು ಒಳಗೆ ಬರುತ್ತಿತ್ತು. ನಾನು ಕಟ್ಟನ್ನು ಅಂಗಿಯೊಳಗೆ ತೂರಿಸಿ, ಹೊಟ್ಟೆಗೆ ಒತ್ತಿಕೊಂಡು, ಮಳೆಗೆ ಬೆನ್ನು ಮಾಡಿ ಗೋಡೆಗಂಟಿ ನಿಂತೆ. ರಾಡುಗಳ ಬಿಸಿಗೆ ಹೊಟ್ಟೆ ಉರಿಯಿತು. ನಾನು ಅಳುತ್ತಿದ್ದೆ, ಏಕೆಂದರೆ ಅಪ್ಪನನ್ನು ನಾನೇ ಕಳಿಸುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು.

ಅಪ್ಪ ಪಾಸಾದ. ಸಾಹೇಬ ಬೆಸುಗೆಯ ಮೇಲೆ ಬೆರಳಾಡಿಸಿ, ಇಂಥದ್ದನ್ನು ನೋಡಿ ಬಹಳ ದಿನವಾಯಿತು ಎಂದನಂತೆ. ಮುಂದಿನ ತಿಂಗಳು ಅಪ್ಪ ಕತಾರಿಗೆ ಹೋದ. ಬೆಳಿಗ್ಗೆ ಹಾಲು ತರಲು ನಾನೊಬ್ಬನೇ ಹೋಗತೊಡಗಿದೆ. ಆ ದಿನ ನಡೆದದ್ದು ಅವ್ವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ದೊಡ್ಡವನಾದ ಮೇಲೆ ನಾನೂ ಹಡಗು ಕಟ್ಟುವ ಕೆಲಸಕ್ಕೆಂದು ಕೊರಿಯಾಕ್ಕೆ, ನಾರ್ವೆಗೆ ಹೋದೆ. ಎಲ್ಲ ಕಡೆ ಹೊಸಬನ ಮುಖಕ್ಕಿಂತ ಮೊದಲು ಅವನ ಕೈ ನೋಡುತ್ತಾರೆ. ಕೈ ಒಳ್ಳೆಯದಾದರೆ ಭಾಷೆ ಬರದಿದ್ದರೂ ಪಕ್ಕದಲ್ಲಿ ಕೂರಿಸಿಕೊಂಡು ಟೀ ಕೊಡುತ್ತಾರೆ. ಅಪ್ಪ ಊರೂರಿನ ಕತೆ ಬಿಟ್ಟು ಕಬ್ಬಿಣದ ಕತೆ ಯಾಕೆ ಹೇಳುತ್ತಿದ್ದ ಎಂದು ನನಗೆ ಅರ್ಥವಾದದ್ದು ಅಲ್ಲಿ.

ಈಗ ನನ್ನ ಮಗ, ಅಂದರೆ ನಿಮ್ಮಪ್ಪ, ಇದೇ ಮನೆಯ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಮಧ್ಯಾಹ್ನದೊಳಗೆ ಮೂರು ದೇಶಗಳ ಕೆಲಸ ಮುಗಿಸುತ್ತಾನೆ. ಅವನಿಗೆ ಸೂಟ್‌ಕೇಸು ಬೇಡ, ಸಾಹೇಬನೆದುರು ತಲೆ ತಗ್ಗಿಸುವುದೂ ಬೇಡ. ನೀವು ಪುಣ್ಯವಂತರು ಎಂದು ನಾನು ಹೇಳಿದ್ದಕ್ಕೆ, ದಿನವಿಡೀ ಬಾಗಿಲು ಹಾಕಿರುತ್ತಾನಲ್ಲ ಅಜ್ಜಾ, ನಮ್ಮಪ್ಪನಿಗಿಂತ ನಿನ್ನಪ್ಪನೇ ಹತ್ತಿರವಿದ್ದ ಎಂದಿರಿ. ಇರಬಹುದು ಮಕ್ಕಳೇ, ನಾನು ವಾದ ಮಾಡುವುದಿಲ್ಲ. ಆದರೆ ನನ್ನಪ್ಪನಿಗೂ ನನಗೂ ನಡುವೆ ಇದ್ದದ್ದು ಸಮುದ್ರ, ಅದನ್ನು ತಟ್ಟಲು ನನಗೆ ಆಗಲಿಲ್ಲ. ನಿಮ್ಮದು ಬರೀ ಬಾಗಿಲು. ಹೋಗಿ ತಟ್ಟಿ. ಬೈದರೆ ಅಜ್ಜ ಹೇಳಿದ ಅನ್ನಿ.