ಬಾಳೆಗೊನೆ ಉಳಿಸಿದ ಸ್ಯಾಕ್ಸೊಫೋನು

ಸ್ನೇಹಿತರೇ, ನನ್ನ ರೆಕಾರ್ಡು ಸಂಗ್ರಹದಲ್ಲಿ ಜಾಜ್ ಮೇಲೋ, ಅಮೆರಿಕದ ಹಳ್ಳಿಗಾಡಿನ ರೂಟ್ಸ್ ಸಂಗೀತ ಮೇಲೋ ಎಂಬ ವ್ಯಾಜ್ಯ ಇಂದು ಕೊಪ್ಪದ ನಮ್ಮ ಹಿತ್ತಿಲಲ್ಲಿ ಇತ್ಯರ್ಥವಾಯಿತು.

ನೆಮ್ಮಾರಿನಿಂದ ಬಂದಿದ್ದ ಗೆಳೆಯ ಸುಬ್ಬಣ್ಣ ರೂಟ್ಸ್ ಪಕ್ಷ. "ನಿನ್ ಜಾಜ್ ಎಂತದು ಮಾರಾಯ, ಶ್ರುತಿ ಮಾಡ್ತಾನೇ ಇರ್ತಾರೆ, ಹಾಡು ಶುರುವಾಗೋದೇ ಇಲ್ಲ" ಎಂದ.

"ನಿಂದು ಒಂದು ಗಿಟಾರು, ಒಂದು ಅಳು, ಅಷ್ಟೇ" ಎಂದೆ ನಾನು.

ಅಷ್ಟರಲ್ಲಿ ಹಿತ್ತಿಲಿನಿಂದ ಹೆಂಡತಿ ಕೂಗಿದಳು. "ಬಾಳೆಗೊನೆಗೆ ಮಂಗ ಬಂದಿದಾವೆ. ಪಟಾಕಿ ಖಾಲಿ. ಇಬ್ರೂ ಸೇರಿ ಎಂತಾದ್ರೂ ಮಾಡಿ."

ಸ್ಪೀಕರನ್ನು ಹಿಂಬಾಗಿಲಿಗೆ ತಂದು ಮೊದಲು ಸುಬ್ಬಣ್ಣನ ರೂಟ್ಸ್ ಹಾಕಿದೆವು. ಒಂದು ಚಿಪ್ಪು ಬಾಳೆಹಣ್ಣು ಖಾಲಿಯಾಯಿತು. ತಾಯಿಮಂಗವೊಂದು ನಮ್ಮ ಬಾವಿಕಟ್ಟೆಯ ಮೇಲೇ ಕೂತು ಮರಿಯ ಹೇನು ಹೆಕ್ಕತೊಡಗಿತು.

"ನೋಡು, ಎಷ್ಟು ನೆಮ್ಮದೀಲಿ ಕೇಳ್ತಾ ಇದಾವೆ" ಎಂದು ಸುಬ್ಬಣ್ಣ ಬೀಗಿದ.

ನಾನು ಜಾಜ್ ಹಾಕಿದೆ. ಸ್ಯಾಕ್ಸೊಫೋನು ಒಮ್ಮೆ ಕಿರುಚಿದ್ದೇ ತಡ, ಇಡೀ ಹಿಂಡು ಪಕ್ಕದ ಮನೆಯ ತಗಡಿನ ಮಾಡು ಹಾರಿ ಪರಾರಿ.

"ಮಂಗನೂ ತಡ್ಕೊಳ್ಳಲ್ಲ ಇದನ್ನ" ಎಂದು ಸುಬ್ಬಣ್ಣ ಗೆದ್ದವನಂತೆ ಕೈಕಟ್ಟಿ ನಿಂತ.

ಇಷ್ಟು ವರ್ಷ ನನ್ನ ಸಂಗ್ರಹವನ್ನು "ಧೂಳು ಹಿಡಿಯೋ ಸಾಮಾನು" ಎನ್ನುತ್ತಿದ್ದ ಹೆಂಡತಿ, ಉಳಿದ ಗೊನೆಯನ್ನು ಮುಟ್ಟಿ ನೋಡಿ ಒಳಗೆ ಬಂದಳು. ಜಾಜ್ ಆಲ್ಬಮ್ಮಿನ ಕವರನ್ನು ಸೆರಗಿನಿಂದ ಒರೆಸಿ, "ಇಂಥದ್ದು ಇನ್ನೂ ನಾಲ್ಕು ತರ್ಸಿ" ಎಂದಳು.

ಜಾಜ್ ಹಿಡಿಸಬೇಕಾದರೆ ಬಹಳ ತಾಳ್ಮೆ ಬೇಕು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಒಂದು ಬಾಳೆಗೊನೆ ಸಾಕಿತ್ತು.